ಮೊಮ್ಮಗಳಿಗಾಗಿ ಹಿತ್ತಲ ಗೋಡೆ ಎಬ್ಬಿಸಿದ್ದು

ನನ್ನ ಕೆಲಸ ಬೇಲಿ ಹಾಕುವುದು. ಚನ್ನರಾಯಪಟ್ಟಣದ ಸುತ್ತಿನ ತೆಂಗಿನ ತೋಟಗಳಿಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುವುದರಲ್ಲೇ ತಲೆ ಬೆಳ್ಳಗಾಗಿದೆ. ಎರಡಡಿ ಗುಂಡಿ ತೆಗೆದು, ಕಂಬ ನಿಲ್ಲಿಸಿ, ಸುತ್ತ ಚೂರುಗಲ್ಲು ಮಣ್ಣು ತುಂಬಿ ಹಾರೆಯ ಹಿಂಬದಿಯಿಂದ ಬಡಿದು ಗಟ್ಟಿಮಾಡಬೇಕು. ಮೂಲೆಯ ಕಂಬಕ್ಕೆ ಓರೆಯಾಗಿ ಇನ್ನೊಂದು ಕಂಬದ ಆಸರೆ ಕೊಡಬೇಕು. ತಂತಿಯನ್ನು ಬಿಸಿಲೇರಿದ ಮೇಲೆ ಎಳೆಯಬೇಕು, ಆಗ ಬೆಳಗಿನ ಚಳಿಗೆ ಅದು ತಾನೇ ಬಿಗಿದುಕೊಳ್ಳುತ್ತದೆ. ಇಷ್ಟು ಗೊತ್ತಿದ್ದರೆ ಯಾವ ತೋಟಕ್ಕಾದರೂ ಬೇಲಿ ಹಾಕಬಹುದು ಎಂದೇ ತಿಳಿದಿದ್ದೆ. ನಮ್ಮ ಹಿತ್ತಲಿಗೆ ಹಾಕಲು ಹೋದಾಗ ಇದ್ಯಾವುದೂ ಕೆಲಸಕ್ಕೆ ಬರಲಿಲ್ಲ.

ನಮ್ಮ ಮನೆಯ ಹಿಂದೆಯೇ ಹಳೇ ಕಲ್ಲಿನ ದೇವಸ್ಥಾನ, ಅದರ ಮಗ್ಗುಲಿಗೆ ಕಲ್ಯಾಣಿ. ಹಿತ್ತಲು ಇಳಿಜಾರಾಗಿ ಹೋಗಿ ಕಲ್ಯಾಣಿಯ ಮೆಟ್ಟಿಲ ಹತ್ತಿರ ನಿಲ್ಲುತ್ತದೆ. ಮೊದಲು ನಡುವೆ ಲಂಟಾನದ ಪೊದೆ ದಟ್ಟವಾಗಿತ್ತು. ದೇವಸ್ಥಾನ ನೋಡಲು ಬರುವವರು ಹೆಚ್ಚಿದ ಮೇಲೆ ಅದನ್ನೆಲ್ಲ ಕಡಿದು ಚೊಕ್ಕಟ ಮಾಡಿದರು. ಹಾವಿನ ಕಾಟ ಕಡಿಮೆಯಾಯಿತು ಎಂದು ನಾವೂ ಸಂತೋಷಪಟ್ಟೆವು. ಆಗ ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ.

ಆಮೇಲೆ ಪುಟ್ಟಿ ಬಂದಳು. ಪುಟ್ಟಿ ನನ್ನ ಮಗಳ ಮಗಳು. ಅವಳ ವಿಷಯ ಹೇಳಲು ಕುಳಿತರೆ ಬೇಲಿಯ ವಿಷಯ ಹಿಂದೆ ಉಳಿಯುತ್ತದೆ, ಆದರೂ ಒಂದು ಮಾತು ಹೇಳಿಬಿಡುತ್ತೇನೆ. ವರ್ಷ ತುಂಬುವ ಮೊದಲೇ ಅವಳು ನಡೆದಳು. ನಡೆದಳು ಎನ್ನುವುದು ತಪ್ಪು, ಎದ್ದವಳೇ ಓಡಿದಳು. ನನ್ನನ್ನು ಕಂಡರೆ 'ತಾ' ಎನ್ನುತ್ತಾಳೆ. ತಾತ ಎನ್ನುವುದರಲ್ಲಿ ಅರ್ಧ ಅಷ್ಟೇ, ನನಗೆ ಅದೇ ತುಂಬಿ ಹೊರಗೆ ಚೆಲ್ಲುತ್ತದೆ. ಈ ಊರಿನಲ್ಲಿ ಅಷ್ಟು ಚುರುಕಾದ ಮಗು ಇನ್ನೊಂದಿಲ್ಲ. ಇದ್ದರೆ ತಂದು ತೋರಿಸಲಿ.

ಒಂದು ಬೆಳಿಗ್ಗೆ ಕೋಳಿಯ ಹಿಂದೆ ಓಡಿದ ಪುಟ್ಟಿ ಕಲ್ಯಾಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಬಟ್ಟೆ ಒಗೆಯುತ್ತಿದ್ದ ನನ್ನ ಹೆಂಡತಿ ಓಡಿಹೋಗಿ ಅಂಗಿ ಹಿಡಿದು ಎಳೆದುಕೊಂಡಳು. ಬಾಗಿಲಲ್ಲಿ ನಿಂತು ನನ್ನ ಮಗಳು ಅದನ್ನು ನೋಡಿದಳು.

ಮಗಳು ಬಸ್ ಕಂಡಕ್ಟರ್, ಚನ್ನರಾಯಪಟ್ಟಣದಿಂದ ಹಾಸನದ ಕಡೆಗೆ ಡ್ಯೂಟಿ. ಅಳಿಯ ಹೊಳೆನರಸೀಪುರದಲ್ಲಿ ಲೈನ್‌ಮ್ಯಾನ್, ವಾರಕ್ಕೊಮ್ಮೆ ಬಂದುಹೋಗುತ್ತಾನೆ. ಮಗುವಿಗಾಗಿ ಹಾಕಿದ್ದ ಅವಳ ರಜೆ ಮುಗಿದ ಮೇಲೆ ನಮ್ಮ ಮನೆಯಿಂದಲೇ ಡ್ಯೂಟಿಗೆ ಹೋಗುವುದು, ಮಗು ನಮ್ಮ ಹತ್ತಿರ ಇರುವುದು ಎಂದು ಮಾತಾಗಿತ್ತು. ಆ ಬೆಳಿಗ್ಗೆ ಮಾತು ಬದಲಾಯಿತು.

"ಅಪ್ಪ, ಬೇಲಿ ಆದ್ರೆ ಮಗ ಇಲ್ಲಿರ್ತದೆ. ಇಲ್ದಿದ್ರೆ ಅರಕಲಗೂಡಿಗೆ ಕಳಿಸ್ತೀನಿ. ಬಸ್ಸಲ್ಲಿ ಟಿಕೆಟ್ ಕೊಡ್ತಾ ಈ ಕಲ್ಯಾಣಿ ನೆನೀತಾ ಇರಕ್ಕಾಗಲ್ಲ ನಂಗೆ."

ಅರಕಲಗೂಡಿನ ಕಡೆ ನಮ್ಮ ಬೀಗರ ಮನೆ, ಅಂದರೆ ಅಳಿಯನ ಅಪ್ಪ ಅಮ್ಮನ ಮನೆ. ಕಾಂಪೌಂಡು, ಕಬ್ಬಿಣದ ಗೇಟು ಎಲ್ಲ ಉಂಟು. ಮಗುವನ್ನು ನಾವು ಸಾಕುತ್ತೇವೆ ಎಂದು ಅವರು ಮೊದಲಿನಿಂದ ಕೇಳುತ್ತಲೇ ಇದ್ದರು. ಹಿತ್ತಲ ಬಾಗಿಲು ಮುಚ್ಚಿಕೊಂಡಿದ್ದರಾಯಿತಲ್ಲ ಎಂದು ನಾನು ಹೇಳಿ ನೋಡಿದೆ. ಹಸು, ನಲ್ಲಿ, ಒಗೆಯುವ ಕಲ್ಲು, ಸೌದೆ ಎಲ್ಲ ಹಿತ್ತಲಲ್ಲೇ ಇರುವಾಗ ಬಾಗಿಲು ಎಷ್ಟು ಹೊತ್ತು ಮುಚ್ಚಿರುತ್ತದೆ ಎಂದು ಹೆಂಡತಿ ಕೇಳಿದಳು. ಬೇಲಿ ತಾನೇ, ನಾಲ್ಕು ದಿನದ ಕೆಲಸ ಎಂದೆ.

ಆಷಾಢ ಹತ್ತಿರ ಬಂದಿತ್ತು. ಆಷಾಢದಲ್ಲಿ ಕೆಲಸ ಶುರುಮಾಡುವಂತಿಲ್ಲ, ಮುಂಚೆಯೇ ಗುದ್ದಲಿ ಹಾಕಿಬಿಡಬೇಕು. ದೇವಸ್ಥಾನದ ಮುಂದೆ ಪುರಾತತ್ವ ಇಲಾಖೆಯ ನೀಲಿ ಬೋರ್ಡು ಇರುವುದು ಗೊತ್ತಿತ್ತು. ಸ್ಮಾರಕದಿಂದ ನೂರು ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟಬಾರದು ಎಂದು ಅದರಲ್ಲಿದೆ. ಕೆಳಗಿನ ಬೀದಿಯವರೊಬ್ಬರು ಮಹಡಿ ಏರಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿದ್ದನ್ನು ನೋಡಿದ್ದೆ. ಆದರೆ ಬೇಲಿಯೂ ಕಟ್ಟಡ ಎಂದು ನನ್ನ ತಲೆಗೆ ಬರಲಿಲ್ಲ. ಒಳ್ಳೆಯ ದಿನ ನೋಡಿ ಗುದ್ದಲಿ ಪೂಜೆ ಮಾಡಿದೆವು. ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿ, ಪುಟ್ಟಿಯ ಕೈ ಹಿಡಿದು ಮೊದಲ ಮಣ್ಣು ತೆಗೆಸಿದೆ. ಅಕ್ಕಪಕ್ಕದವರನ್ನೆಲ್ಲ ಕರೆದಿದ್ದೆ. ದೇವಸ್ಥಾನ ಕಾಯುವವನನ್ನೂ ನಾನೇ ಹೋಗಿ ಕರೆದು ಬಂದಿದ್ದೆ. ಅವನು ನಮ್ಮೂರಿನ ಹುಡುಗನೇ, ನನ್ನನ್ನು ದೊಡ್ಡಪ್ಪ ಎನ್ನುತ್ತಾನೆ. ಬಂದ, ಕಾಯಿ ಒಡೆಯಲು ಸಹಾಯ ಮಾಡಿದ, ಕೋಸಂಬರಿ ತಿಂದ, ಹೋದ.

ಮಾರನೆಯ ದಿನ ನಾಲ್ಕು ಕಂಬ ನಿಂತಿದ್ದವು. ಅವನು ಮತ್ತೆ ಬಂದು ಗುಂಡಿಯ ಪಕ್ಕ ನಿಂತ. ಮುಖ ಸಪ್ಪಗಿತ್ತು.

"ದೊಡ್ಡಪ್ಪ, ನೀವು ಕರುದ್ರಿ, ಬಂದೆ, ತಿಂದೆ. ಇಷ್ಟು ಆಳಕ್ಕೆ ಅಗೀತೀರ ಅಂತ ನಂಗೇನ್ ಗೊತ್ತು. ಆಫೀಸಿಗೆ ಫೋನ್ ಮಾಡ್ದೆ ಇದ್ರೆ ನನ್ ಕೆಲ್ಸ ಓಯ್ತದೆ. ಏನ್ ಮಾಡ್ಲಿ, ನೀವೇ ಯೋಳಿ."

ಅವನ ಅನ್ನ ಕಳೆದು ನಾನು ಬೇಲಿ ಹಾಕಲಾರೆ. ಮಾಡಪ್ಪ ಎಂದೆ. ನನ್ನ ಮುಂದೆಯೇ ಮಾಡಿದ. ಒಳಗಿನಿಂದ ನನ್ನ ಹೆಂಡತಿ, "ಕೋಸಂಬರಿ ವಾಪಸ್ ಕೇಳ್ರಿ ಅವನ್ನ" ಎಂದಳು.

ಕೆಲಸ ನಿಲ್ಲಿಸಿ ಎಂಬ ನೋಟಿಸು ಬಂತು. ಹಾಸನಕ್ಕೆ ಬಸ್ ಹತ್ತಿ ಇಲಾಖೆಯ ಆಫೀಸಿಗೆ ಹೋದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ, ಅವರು ಕೂರಿಸಿ ಕೇಳಿದರು. ಮಗುವಿನ ವಿಷಯ ಹೇಳಿದೆ. ಅಳತೆ ಮಾಡಿಸುತ್ತೇವೆ, ನೂರು ಮೀಟರಿನ ಆಚೆ ಬಿದ್ದರೆ ದಾರಿ ಇದೆ ಎಂದರು. ಒಂದು ವಾರದ ಮೇಲೆ ಅಧಿಕಾರಿ ಮೇಡಂ ಬಂದರು, ಜೊತೆಗೆ ಟೇಪು ಹಿಡಿಯುವ ಇಬ್ಬರು. ದೇವಸ್ಥಾನದ ಹೊರ ಅಂಚಿನಿಂದ ಟೇಪು ಎಳೆದರು. ಅದು ನಮ್ಮ ಹಿತ್ತಲು ದಾಟಿ, ಮನೆ ದಾಟಿ, ರಸ್ತೆಯವರೆಗೂ ಹೋಯಿತು. ನಾವು ಪೂರಾ ಒಳಗೇ ಇದ್ದೆವು.

ಕಲ್ಲುಕಂಬ ಬೇಡವಾದರೆ ಸರ್ವೆ ಮರದ ಗೂಟ ಆಗುತ್ತದಾ ಎಂದು ಕೇಳಿದೆ. ನೆಲಕ್ಕೆ ಊರುವುದು ಯಾವುದೂ ಆಗದು ಎಂದರು. ತಗಡು? ಅದೂ ಆಗದು. ಹಸಿರು ಬಲೆ? ಅದನ್ನು ಕಟ್ಟಲು ಗೂಟ ಬೇಕಲ್ಲ ಎಂದು ಅವರೇ ಕೇಳಿದರು. ನಾನು ಪುಟ್ಟಿಯನ್ನು ಎತ್ತಿ ತಂದು ತೋರಿಸಿದೆ. ಮೇಡಂ ಅವಳ ಕೆನ್ನೆ ಮುಟ್ಟಿದರು.

"ನನಗೂ ಇಷ್ಟೇ ವಯಸ್ಸಿನ ಮಗಳಿದಾಳೆ ಯಜಮಾನ್ರೇ. ಆದ್ರೆ ಮಹಡಿ ನಿಲ್ಲಿಸಿದವರ ಮನೆ ಮುಂದೆ ನಾಳೆ ನಾನು ಹೇಗೆ ಓಡಾಡಲಿ?"

ಅವರೆದುರಿಗೇ ಕಂಬ ಕಿತ್ತು ಗುಂಡಿ ಮುಚ್ಚಬೇಕು ಎಂದಾಯಿತು. ಇಷ್ಟು ವರ್ಷ ಕಂಬ ನೆಟ್ಟಿದ್ದೇನೆ, ನೆಟ್ಟ ವಾರಕ್ಕೇ ಕಿತ್ತಿದ್ದಿಲ್ಲ. ಗಟ್ಟಿಯಾಗಿ ಬಡಿದಿದ್ದೆನಲ್ಲ, ಬರಲು ಒಲ್ಲವು. ಹಗ್ಗ ಹಾಕಿ ಅಲ್ಲಾಡಿಸಿ ಅಲ್ಲಾಡಿಸಿ ಎತ್ತಿದೆ. ಮೂರನೆಯ ಕಂಬ ಎತ್ತಿದಾಗ ಮೇಡಂ ಗುಂಡಿಯ ಅಂಚಿಗೆ ಬಂದು ಮಂಡಿಯೂರಿ ಕುಳಿತರು. ಆ ಗುಂಡಿ ಅಗೆಯುವಾಗ ಹಾರೆ ಟಣ್ ಎಂದು ಎಗರಿ ನನ್ನ ಅಂಗೈಗೆ ಬೊಬ್ಬೆ ಬಂದಿತ್ತು. ಕಂಬ ನೆಡುವವನಿಗೆ ನೆಲದಲ್ಲಿ ಕಲ್ಲು ಸಿಕ್ಕಿದರೆ ಶನಿ ಹೆಗಲೇರಿದ ಹಾಗೆ. ಬೇರೆ ಗುಂಡಿಯಲ್ಲೂ ಇದೇ ಥರ ಕಲ್ಲು ಸಿಕ್ಕಿತಾ ಎಂದು ಮೇಡಂ ಕೇಳಿದರು. ಎಲ್ಲದರಲ್ಲೂ ಸಿಕ್ಕಿತು, ಒಂದೇ ಸಾಲಿಗೆ ಎಂದೆ. ಅವರು ಕೈಯಿಂದ ಮಣ್ಣು ಸರಿಸಿ ನೋಡಿದರು.

"ಇದು ಬಿದ್ದಿರೋ ಕಲ್ಲಲ್ಲ ಯಜಮಾನ್ರೇ, ಇಟ್ಟಿರೋ ಕಲ್ಲು."

ಆ ಸಾಲನ್ನೇ ಹಿಡಿದು ಪಕ್ಕದ ಮನೆಯ ಕೊಟ್ಟಿಗೆಯ ಹಿಂದಕ್ಕೆ ಹೋದರು. ಅಲ್ಲಿ ಬಳ್ಳಿ ಮುಚ್ಚಿಕೊಂಡು ಸೊಂಟದೆತ್ತರದ ಹಳೆಯ ಕಲ್ಲುಗೋಡೆ ನಿಂತಿತ್ತು. ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದು ನಮ್ಮ ಹಿತ್ತಲಿಗೂ ಬಂದಿತ್ತು, ನಮ್ಮ ಕಡೆಯದು ಯಾವಾಗಲೋ ಬಿದ್ದು ಲಂಟಾನದ ಅಡಿ ಸೇರಿತ್ತು ಎಂದು ಯೋಚಿಸಿದ್ದೇ ಇಲ್ಲ. ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ಹೊಸದು ಕಟ್ಟಲು ನಿಯಮದಲ್ಲಿ ಜಾಗ ಇಲ್ಲ. ಇದ್ದದ್ದನ್ನು ರಿಪೇರಿ ಮಾಡಲು ಅನುಮತಿ ಕೇಳಬಹುದು. ಕೊಡುತ್ತಾರೋ ಇಲ್ಲವೋ ಅವರ ಕೈಯಲ್ಲಿಲ್ಲ, ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯುತ್ತಾರೆ.

ನಾನು ಅನುಮತಿ ಕೇಳಿದೆ. ಮೂರನೇ ಕ್ಲಾಸಿನವರೆಗೆ ಓದಿದವನು, ಅರ್ಜಿಯನ್ನು ಮಗಳ ಕೈಲಿ ಬರೆಸಿದೆ. ಗೋಡೆಯ ಫೋಟೋ, ಪಾಯದ ಫೋಟೋ, ಸರ್ವೆಯವರ ನಕ್ಷೆ, ಪಂಚಾಯಿತಿಯ ಪತ್ರ, ಪಕ್ಕದ ಮನೆಯವರ ಒಪ್ಪಿಗೆ, ಹೀಗೆ ಒಂದೊಂದನ್ನೇ ಕೂಡಿಸುತ್ತ ಹಾಸನದ ದಾರಿ ಸವೆಸಿದೆ. ಅಷ್ಟರಲ್ಲಿ ಮಗಳ ರಜೆ ಮುಗಿಯಿತು. ಅನುಮತಿ ಬರುವವರೆಗೆ ಎಂದು ಹೇಳಿ ಪುಟ್ಟಿಯನ್ನು ಅರಕಲಗೂಡಿಗೆ ಕರೆದುಕೊಂಡು ಹೋಗಿ ಬಿಟ್ಟಳು. ಮನೆ ಬಿಕೋ ಎಂದಿತು. ಬೀಗರು ಅವಳಿಗೆ ಮೂರು ಗಾಲಿಯ ಸೈಕಲ್ ತಂದರಂತೆ ಎಂದು ಫೋನಿನಲ್ಲಿ ಗೊತ್ತಾದ ದಿನ ನನ್ನ ಹೆಂಡತಿ ಸರಿಯಾಗಿ ಊಟ ಮಾಡಲಿಲ್ಲ. ಮಕ್ಕಳು ಒಂದು ಕಡೆ ಹೊಂದಿಕೊಂಡರೆ ಆಯಿತು, ಅಲ್ಲಿಯವರೇ ಆಗಿಬಿಡುತ್ತಾರೆ ಎಂದಳು. ನನಗೂ ಅದೇ ಭಯ.

ಶ್ರಾವಣದಲ್ಲಿ ಅನುಮತಿ ಬಂತು. ಮಗಳು ಓದಿ ಹೇಳಿದಳು: ಹಳೆಯ ಪಾಯದ ಮೇಲೆಯೇ ಕಟ್ಟಬೇಕು, ಹಳೆಯ ಅಗಲವೇ ಇರಬೇಕು, ಎತ್ತರ ಪಕ್ಕದ ಮನೆಯ ಹಿಂದೆ ನಿಂತಿರುವಷ್ಟೇ. ಅಗೆಯುವಂತಿಲ್ಲ. ಸಿಮೆಂಟು, ಗಾರೆ, ಕಬ್ಬಿಣ ಏನೂ ಇಲ್ಲ. ಹಿತ್ತಲಲ್ಲಿ ಬಿದ್ದಿರುವ ಕಲ್ಲನ್ನೇ ಬಳಸಬೇಕು, ದೇವಸ್ಥಾನದ ಕಡೆಯಿಂದ ಒಂದು ಚೂರೂ ತರುವಂತಿಲ್ಲ. ಮುಗಿದ ಮೇಲೆ ಬಂದು ಅಳೆಯುತ್ತಾರೆ, ತಪ್ಪಿದ್ದರೆ ಬಿಚ್ಚಿಸುತ್ತಾರೆ.

ಕಲ್ಲು ಜೋಡಿಸುವುದು ಏನು ಮಹಾ ಎಂದುಕೊಂಡು ಮಾರನೆಯ ದಿನವೇ ಶುರುಮಾಡಿದೆ. ಪಾಯದ ಮೇಲೆ ದೊಡ್ಡದನ್ನು ಇಟ್ಟೆ, ಅದರ ಮೇಲೆ ಸಿಕ್ಕಿದ್ದನ್ನು ಪೇರಿಸುತ್ತ ಹೋದೆ. ದೂರದಿಂದ ನೋಡಲು ಚೆನ್ನಾಗಿಯೇ ಕಾಣುತ್ತಿತ್ತು. ಮಗುವನ್ನು ಕರೆತರಲು ದಿನ ಗೊತ್ತುಮಾಡು ಎಂದು ಮಗಳಿಗೆ ಫೋನೂ ಮಾಡಿದೆ. ಆ ವಾರ ಜೋರು ಮಳೆ ಬಂತು. ಗೋಡೆ ನಡುವೆ ಹೊಟ್ಟೆ ಬಿಟ್ಟು, ನಾನು ಹಸುವಿಗೆ ಹುಲ್ಲು ಹಾಕುತ್ತಿರುವಾಗಲೇ ದಡದಡ ಎಂದು ಒಳಗಡೆಗೇ ಕುಸಿಯಿತು. ಕೋಳಿಗಳು ಚೆದುರಿ ಓಡಿದವು. ನನ್ನ ಹೆಂಡತಿ ಹೊರಗೆ ಬಂದು ಆ ಕಲ್ಲಿನ ರಾಶಿಯನ್ನು ನೋಡುತ್ತ ನಿಂತಳು. ಬಯ್ಯಲಿಲ್ಲ.

"ಕಲ್ಯಾಣಿಗಿಂತ ಇದೇ ಮೊದ್ಲು ನುಂಗದು" ಎಂದಳು.

ಗಾರೆ ಇಲ್ಲದೆ ಕಲ್ಲು ಕಟ್ಟುವವರು ಈಗ ಎಲ್ಲಿದ್ದಾರೆ? ವಿಚಾರಿಸಿದೆ, ಸಿಕ್ಕವರೆಲ್ಲ ಸಿಮೆಂಟಿನವರು. ಒಬ್ಬರು ಮಾತ್ರ ನನಗೆ ಗೊತ್ತಿದ್ದರು, ನಮ್ಮ ಬೀಗರೇ. ವಯಸ್ಸಿನಲ್ಲಿದ್ದಾಗ ಅವರು ಅರಕಲಗೂಡಿನ ಸುತ್ತ ತೆರೆದ ಬಾವಿಗಳಿಗೆ ಒಳಗಿನಿಂದ ಕಲ್ಲು ಕಟ್ಟುತ್ತಿದ್ದರು. ಆ ಹೆಸರು ಎತ್ತಿದ್ದೇ ನನ್ನ ಹೆಂಡತಿ ಕೆನ್ನೆಗೆ ಕೈ ಇಟ್ಟುಕೊಂಡಳು.

"ಗಂಡಿನ ಕಡೆ ಬೀಗ್ರ ಕೈಲಿ ಕಲ್ಲು ಎತ್ತುಸ್ತೀರಾ? ಅವ್ರು ಬಂದ್ರೆ ಕಾಲಿಗೆ ನೀರು ಕೊಟ್ಟು ಚಾಪೆ ಆಸೋರು ನಾವು. ಊರೋರು ಉಗೀತಾರೆ ಮೊಕಕ್ಕೆ."

ಅವಳು ಹೇಳಿದ್ದು ಸರಿಯೇ. ಹೆಣ್ಣು ಕೊಟ್ಟ ಮನೆಯಲ್ಲಿ ಬೀಗರು ಉಂಡು, ಎಲೆ ಅಡಿಕೆ ಹಾಕಿಕೊಂಡು ಕೂರಬೇಕು, ಅವರಿಗೆ ಒಂದು ಕಡ್ಡಿ ಎತ್ತಲು ಹೇಳಬಾರದು. ಅದಕ್ಕಿಂತ ದೊಡ್ಡ ಮಾತೆಂದರೆ, ಗೋಡೆ ನಿಲ್ಲದಿದ್ದರೆ ಮಗು ಅವರಿಗೇ ಸಿಗುತ್ತದೆ. ಯಾವ ಮುಖ ಹೊತ್ತು ಕೇಳಲಿ? ಎರಡು ದಿನ ಆ ಕಲ್ಲಿನ ರಾಶಿಯ ಮುಂದೆ ಕುಳಿತೆ. ಮೂರನೆಯ ದಿನ ಎಳನೀರು, ಬಾಳೆಗೊನೆ ಹಿಡಿದು ಹೊರಟೆ.

ಗೇಟಿನ ಸದ್ದಿಗೆ ಪುಟ್ಟಿ 'ತಾ' ಎಂದು ಓಡಿ ಬಂದು ಕಾಲು ಕಟ್ಟಿಕೊಂಡಳು. ತಕ್ಷಣ ಬಿಟ್ಟು, ಒಳಗೆ ಓಡಿ, ಸೈಕಲ್ ತಂದು ತೋರಿಸಿದಳು. ಬೀಗರು ಜಗಲಿಯಿಂದ ಏಳದೆಯೇ, ನಿಮ್ಮ ಗೋಡೆ ನೆಲ ಹಿಡಿಯಿತಂತೆ ಎಂದು ನಕ್ಕರು. ಅಳಿಯ ಹೇಳಿಬಿಟ್ಟಿದ್ದ. ನಾನು ಸುತ್ತಿ ಬಳಸಿ ಮಾತಾಡಲಿಲ್ಲ, ಬಂದ ಕೆಲಸ ಹೇಳಿದೆ. ಅವರ ನಗು ನಿಂತಿತು. ಆಮೇಲೆ ಅಡಿ ಎಷ್ಟು ಅಗಲ, ಅಡ್ಡಗಲ್ಲು ಎಷ್ಟಕ್ಕೊಂದು ಹಾಕಿದಿರಿ, ನಡುವೆ ಏನು ತುಂಬಿದಿರಿ ಎಂದು ಕೇಳಿದರು. ಅಡ್ಡಗಲ್ಲು ಎಂದರೇನು ಎಂದೆ.

"ಬೀಗ್ರೆ, ನೀವು ಕಟ್ಟಿದ್ದು ಗ್ವಾಡೆ ಅಲ್ಲ, ಕಲ್ಲಿನ್ ತಿಪ್ಪೆ." ಎಲೆ ಅಡಿಕೆಯ ತಟ್ಟೆಯನ್ನು ನನ್ನ ಕಡೆ ಸರಿಸಿ ಹೇಳಿದರು, "ದಿಟ ಯೋಳ್ತೀನಿ, ಬೇಜಾರ್ ಮಾಡ್ಕಬೇಡಿ. ನಿಮ್ ಕೆಲ್ಸ ಆಗ್ದೆ ಓಗ್ಲಿ ಅಂತ ಮನೆದೇವ್ರಿಗೆ ಕಾಯಿ ಕಟ್ಟಿದ್ದೆ ನಾನು."

ಬಾಗಿಲ ಹಿಂದೆ ನಿಂತಿದ್ದ ಬೀಗಿತ್ತಿ ಆಗ ಮಾತಾಡಿದರು.

"ಕಾಯಿ ಕಟ್ಟಿದ್ದು ಯೋಳ್ತೀರಿ, ಸಂಜೆದೂ ಯೋಳಿ. ಒತ್ತು ಮುಳುಗಿದ್ರೆ ಮಗ ಗೇಟ್ ಇಡ್ಕಂಡು ನಿಂತ್ಕತದೆ. ಯಾವ್ ಬಸ್ ಸದ್ದಾದ್ರೂ ಅವ್ವ ಅಂತದೆ. ಉಣ್ಣಕ್ಕೆ ಕರೆದ್ರೆ ಬರಲ್ಲ."

ಬೀಗರು ಅಂಗಳದಲ್ಲಿ ಸುತ್ತುತ್ತಿದ್ದ ಸೈಕಲ್ಲನ್ನೇ ನೋಡುತ್ತ ಕುಳಿತರು. ನಮ್ಮ ಮನೆಯಲ್ಲಿದ್ದರೆ ಮಗು ದಿನಾ ಅಮ್ಮನ ಮುಖ ನೋಡುತ್ತದೆ, ಅಲ್ಲಿ ವಾರಕ್ಕೊಮ್ಮೆ. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಹೊರಡುವಾಗ ಅವರು ಅಟ್ಟದಿಂದ ಇಳಿಸಿದ ಹಳೆಯ ಸುತ್ತಿಗೆಯನ್ನು ಕೈಚೀಲಕ್ಕೆ ಹಾಕಿಕೊಂಡು ಜೊತೆಗೇ ಬಸ್ ಹತ್ತಿದರು.

ಬಂದವರೇ ನಾನು ಕಟ್ಟಿದ್ದರಲ್ಲಿ ಉಳಿದಿದ್ದನ್ನೂ ಬಿಚ್ಚಿಸಿದರು. ಪಾಯದವರೆಗೂ ಬರಿದು ಮಾಡಿ, ಕಲ್ಲನ್ನು ಜಾತಿ ಜಾತಿಯಾಗಿ ವಿಂಗಡಿಸಿದೆವು: ಅಡಿಗೆ ದಪ್ಪನೆಯವು, ಗೋಡೆಯ ಒಳಗೆ ಹೊರಗೆ ಕಾಣುವ ಎರಡು ಮೊಗಕ್ಕೆ ಚಪ್ಪಟೆಯವು, ಉದ್ದನೆಯವು ಬೇರೆ, ಚಕ್ಕೆ ಬೇರೆ. ಕಲ್ಲಿನ ಉದ್ದ ಗೋಡೆಯ ಒಳಕ್ಕೆ ಹೋಗಬೇಕು, ತಲೆ ಮಾತ್ರ ಹೊರಗೆ ಕಾಣಬೇಕು. ನಾನು ಉದ್ದವನ್ನೇ ಹೊರಗೆ ಕಾಣುವ ಹಾಗೆ ಇಟ್ಟಿದ್ದೆ, ಬೇಗ ಮುಗಿಯುತ್ತದೆ ಎಂದು. ಸಂದಿನ ಮೇಲೆ ಸಂದು ಬರಬಾರದು. ಎರಡು ಮೊಗದ ನಡುವೆ ಚಕ್ಕೆಯನ್ನು ಸುರಿಯಬಾರದು, ಒಂದೊಂದನ್ನೇ ಕೈಯಲ್ಲಿ ಕೂರಿಸಬೇಕು. ಮೊಳಕಾಲೆತ್ತರಕ್ಕೆ ಬಂದಾಗ ಈ ಮೊಗದಿಂದ ಆ ಮೊಗಕ್ಕೆ ಮುಟ್ಟುವ ಉದ್ದ ಕಲ್ಲನ್ನು ಅಡ್ಡ ಹಾಕಬೇಕು. ಅದೇ ಅಡ್ಡಗಲ್ಲು, ಎರಡು ಕಡೆಯನ್ನೂ ಹಿಡಿದಿಡುವುದು ಅದೇ. ಮೇಲೆ ಹೋದಂತೆ ಗೋಡೆ ತುಸು ತುಸುವೇ ಒಳಕ್ಕೆ ವಾಲಬೇಕು. ಪ್ರತಿ ಕಲ್ಲಿಟ್ಟ ಮೇಲೂ ಬೀಗರು ಅದರ ಮೇಲೆ ಅಂಗೈ ಊರಿ ಅಲ್ಲಾಡಿಸುತ್ತಿದ್ದರು. ಅಲ್ಲಾಡಿದರೆ ಮಾತಿಲ್ಲದೆ ತೆಗೆದು ನನ್ನ ಕೈಗೆ ಕೊಡುತ್ತಿದ್ದರು. ಮೊದಲ ದಿನ ನನ್ನವೆಲ್ಲ ಹೀಗೆ ವಾಪಸು ಬಂದವು.

ನನ್ನ ಹೆಂಡತಿ ನಾಚಿಕೆಯಿಂದ ಹಿತ್ತಲಿಗೇ ಬರಲಿಲ್ಲ. ಕೋಳಿ ಸಾರು, ಮುದ್ದೆ ಮಾಡಿ ಬಾಗಿಲವರೆಗೆ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಹಾದುಹೋಗುವವರು ನಿಂತು ನೋಡಿದರು. ಬೀಗರನ್ನು ಕೂಲಿಗೆ ಹಾಕಿಕೊಂಡಿದ್ದೀಯಾ ಎಂದು ಒಬ್ಬ ನನ್ನನ್ನು ಹಂಗಿಸಿದ. ನಾನು ಬಾಯಿ ತೆರೆಯುವ ಮೊದಲೇ ಬೀಗರು ತಲೆಯೆತ್ತಿದರು.

"ಕೂಲಿ ಅಲ್ಲ ಕಣಪ್ಪ, ಮೊಮ್ಮಗಳ ಕೆಲ್ಸ. ನಿಂಗೆ ಕೈ ಕೆರೀತಿದ್ರೆ ಬಾ, ಆ ದಪ್ಪ ಕಲ್ಲು ಇಲ್ಲಿಗೆ ಉಳ್ಳುಸು."

ಅವನು ಕೆಲಸ ನೆನಪಾಯಿತು ಎಂದು ಹೊರಟುಹೋದ. ಆಮೇಲೆ ಯಾರೂ ಕೇಳಲಿಲ್ಲ. ಮಾರನೆಯ ದಿನದಿಂದ ನನ್ನ ಹೆಂಡತಿಯೂ ಸೆರಗು ಸಿಕ್ಕಿಸಿಕೊಂಡು ಚಕ್ಕೆ ಆರಿಸಿ ಕೊಡಲು ಬಂದಳು.

ಗೋಡೆ ಸೊಂಟದ ಮಟ್ಟಕ್ಕೆ ಬಂದಾಗ ನನಗೆ ಆಸೆ ಹುಟ್ಟಿತು. ಇನ್ನೆರಡು ವರಸೆ ಕಲ್ಲು ಏರಿಸಿದರೆ ಪುಟ್ಟಿ ದೊಡ್ಡವಳಾದರೂ ಚಿಂತೆಯಿಲ್ಲ. ಕಲ್ಲೂ ಉಳಿದಿತ್ತು. ಆದರೆ ಎತ್ತರ ಮೀರಿದರೆ ಬಿಚ್ಚಿಸುತ್ತಾರೆ, ಇನ್ನೊಂದು ಸಲ ಬಿಚ್ಚುವ ತ್ರಾಣ ನನಗಿರಲಿಲ್ಲ. ಬೀಗರು ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಮಗುವಿನ ಎತ್ತರದಿಂದ ಅದನ್ನು ನೋಡಿದರು. ಎತ್ತರ ಇರುವಷ್ಟೇ ಇರಲಿ, ಕಾಲಿಡಲು ಜಾಗ ಕೊಡಬಾರದು ಅಷ್ಟೇ ಎಂದರು. ಒಳಮೊಗದ ಸಂದಿಗೆಲ್ಲ ಚಕ್ಕೆ ಹೊಂದಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಿದೆವು. ಹೊರಚಾಚಿದ ಮೂತಿಗಳನ್ನು ಒಡೆದು ಸಮ ಮಾಡಿದೆವು. ಕಟ್ಟಿದ್ದಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಹಿಡಿಯಿತು. ಕೊನೆಗೆ ಅಂಗೈ ಸವರಿದರೆ ಬೆರಳ ತುದಿ ಎಲ್ಲಿಯೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಮೇಲೆ ಅಗಲವಾದ ಭಾರದ ಕಲ್ಲುಗಳನ್ನು ಹಾಸಿದೆವು.

ಮೇಡಂ ಬಂದು ಟೇಪು ಹಿಡಿಸಿದರು. ಅಗಲ, ಎತ್ತರ, ಪಾಯದ ಸಾಲು ಎಲ್ಲವನ್ನೂ ನೋಡಿದರು. ಗೋಡೆಗೆ ಎರಡೂ ಕೈ ಕೊಟ್ಟು ತಳ್ಳಿದರು, ಆಮೇಲೆ ಜೊತೆಗೆ ಬಂದಿದ್ದ ದಪ್ಪನೆಯವನಿಗೆ ತಳ್ಳಲು ಹೇಳಿದರು. ಪಕ್ಕದ ಮನೆಯ ಹಳೆಯ ಗೋಡೆಯೂ ನಮ್ಮದೂ ಕೂಡುವ ಕಡೆ ಬಹಳ ಹೊತ್ತು ನಿಂತು ಫೋಟೋ ತೆಗೆದರು.

"ಮುಂದೆ ಯಾರಾದ್ರೂ ರಿಪೇರಿ ಅಂದ್ರೆ ಏನು ಅಂತ ಕೇಳಿದ್ರೆ ಇದನ್ನೇ ತೋರಿಸ್ತೀನಿ" ಎಂದರು.

ನಾನು ಹಾಕಿದ ಬೇಲಿಗಳು ಎಷ್ಟೋ ತೋಟದಲ್ಲಿವೆ, ಆ ಮಾತನ್ನು ಯಾರೂ ಹೇಳಿದ್ದಿಲ್ಲ. ಬೀಗರ ಕಡೆ ನೋಡಿದೆ. ಅವರು ಸುತ್ತಿಗೆಯ ಹಿಡಿಯನ್ನು ಸುಮ್ಮನೆ ಒರೆಸುತ್ತಿದ್ದರು, ಕಣ್ಣು ಮಾತ್ರ ಹೊಳೆಯುತ್ತಿತ್ತು.

ಬೀಗಿತ್ತಿ ಪುಟ್ಟಿಯನ್ನು ಕರೆತಂದರು. ಮಾರನೆಯ ಬೆಳಿಗ್ಗೆ ಮಗಳು ಖಾಕಿ ಹಾಕಿಕೊಂಡು ಹಿತ್ತಲಿಗೆ ಬಂದಳು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನಡೆಯುತ್ತ ಅಲ್ಲಲ್ಲಿ ಕಾಲಿನಿಂದ ಒದ್ದು ನೋಡಿದಳು. ನಾವು ನಾಲ್ವರೂ ಅವಳನ್ನು ನೋಡುತ್ತ ನಿಂತಿದ್ದೆವು. ಪುಟ್ಟಿ ಕೋಳಿಯನ್ನು ಅಟ್ಟಿಕೊಂಡು ಹೋದಳು. ಕೋಳಿ ಹಾರಿ ಆಚೆ ಬಿತ್ತು. ಅವಳು ಕಾಲು ಎತ್ತಿ ಗೋಡೆಗಿಟ್ಟಳು, ಜಾರಿತು. ಇನ್ನೊಂದು ಕಾಲಿಟ್ಟಳು, ಅದೂ ಜಾರಿತು. ಕುಂಡಿಯೂರಿ ಕುಳಿತು ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು, ಆಮೇಲೆ ಅದರ ಬುಡದ ಮಣ್ಣಿನಲ್ಲಿ ಆಟಕ್ಕೆ ತೊಡಗಿದಳು.

ಮಗಳು ಟಿಕೆಟ್ ಮಿಷನ್ನಿನ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಮಗು ಹುಟ್ಟಿದಂದಿನಿಂದ ಅವಳು ಅಂಗಡಿಗೆ ಹೋಗುವಾಗಲೂ ಬೀದಿಯ ತಿರುವು ಮುಟ್ಟುವುದರೊಳಗೆ ಎರಡು ಸಲ ಹಿಂದೆ ನೋಡುತ್ತಿದ್ದಳು. ನಾನು, ಬೀಗರು ಮುಂಬಾಗಿಲಿಗೆ ಬಂದು ನಿಂತೆವು. ಅವಳು ಬೀದಿ ದಾಟಿದಳು, ತಿರುವಿಗೆ ಬಂದಳು, ಬಸ್ಸಿನ ಕಡೆಗೆ ನೆಟ್ಟಗೆ ನಡೆದುಹೋದಳು. ತಿರುಗಿ ನೋಡಲಿಲ್ಲ.